ದೃಢೀಕರಣ ಟೀಸಿ ಅಲ್ಲ

ನಮ್ಮ ಚರ್ಚಿನಲ್ಲಿ ಧರ್ಮೋಪದೇಶ ಕಲಿಸೋ ಟೀಚರಮ್ಮ ಒಬ್ಬರು ನಗ್ತಾ ಹೇಳ್ತಿರ್ತಾರೆ, ‘ದೃಢೀಕರಣ ಅಂದ್ರೆ ಈಗಿನ ಮಕ್ಕಳಿಗೆ ಚರ್ಚಿಂದ ಸಿಗೋ ಟೀಸಿ ಕಣಮ್ಮ’ ಅಂತ. ಕೇಳಿದಾಗ ನಗು ಬರುತ್ತೆ, ಹೊಟ್ಟೆಲಿ ಚುರುಕ್ ಅಂತಾನೂ ಅನ್ಸುತ್ತೆ. ಎಂಟನೇ ಕ್ಲಾಸಲ್ಲೋ ಒಂಬತ್ತನೇ ಕ್ಲಾಸಲ್ಲೋ ಮಕ್ಕಳು ಬಿಳೀ ಬಟ್ಟೆ ಹಾಕ್ಕೊಂಡು ಸಾಲಾಗಿ ನಿಂತು ಬಿಷಪ್ ಸ್ವಾಮಿಗಳ ಕೈಯಿಂದ ಹಣೆಗೆ ತೈಲ ಹಚ್ಚಿಸ್ಕೋತಾರೆ. ಮನೇಲಿ ಬಿರಿಯಾನಿ, ಫೋಟೋ, ಹೊಸ ವಾಚು. ಆಮೇಲೆ ಎಸ್ಸೆಸ್ಸೆಲ್ಸಿ ಅಂತ ಟ್ಯೂಷನ್ನು, ಪಿಯುಸಿ ಅಂತ ಭಾನುವಾರ ಬೆಳಗ್ಗೇನೂ ಟೆಸ್ಟು. ಮುಂದಿನ ಬೆಂಚಲ್ಲಿ ಕೂರ್ತಿದ್ದ ಮಕ್ಕಳು ಹಿಂದಿನ ಬೆಂಚಿಗೆ ಹೋಗ್ತಾರೆ. ಹಿಂದಿನ ಬೆಂಚಿಂದ ಹೊರಗಡೆ ಬೈಕು ನಿಲ್ಲಿಸೋ ಮರದ ಕೆಳಕ್ಕೆ. ಅಲ್ಲಿಂದ ಸೀದಾ ಮನೇಲಿ ಮುಸುಕು ಹಾಕ್ಕೊಂಡು ಮಲಗೋದೇ.

ಇದು ಒಂದು ಮನೆ ಕತೆ ಅಲ್ಲ. ಪೂಜೆ ಮುಗಿಸ್ಕೊಂಡು ಚರ್ಚಿನ ಅಂಗಳದಲ್ಲಿ ನಿಂತ್ರೆ ತಾಯಂದಿರೆಲ್ಲ ಇದನ್ನೇ ಮಾತಾಡ್ತಿರ್ತೀವಿ. ‘ನಿಮ್ಮೋನು ಬಂದಿಲ್ವಾ?’ ‘ತಲೆನೋವಂತೆ.’ ಪ್ರತಿ ಭಾನುವಾರ ಅದ್ಯಾವ ತಲೆನೋವೋ. ಅದಕ್ಕೆ ಇವತ್ತು ಅಡುಗೆ, ಹಬ್ಬದ ವಿಷಯ ಪಕ್ಕಕ್ಕಿಟ್ಟು, ಹರೆಯದ ಮಕ್ಕಳ ನಂಬಿಕೆ ಬಗ್ಗೆ ನಮ್ಮನೇಲಿ ಏನೇನು ನಡೀತು ಅಂತ ಬರೀತಿದೀನಿ.

ನಮ್ಮನೇಲಿ ಇಬ್ಬರು. ದೊಡ್ಡೋನು ಸೆಕೆಂಡ್ ಪಿಯು, ಚಿಕ್ಕೋಳು ಒಂಬತ್ತನೇ ಕ್ಲಾಸು. ಜೊತೇಲಿ ನಮ್ಮತ್ತೆ. ಹೋದ ವರ್ಷ ತಪಸ್ಸು ಕಾಲ ಶುರುವಾಗೋಕೆ ಒಂದು ವಾರ ಇತ್ತು. ರಾತ್ರಿ ಊಟಕ್ಕೆ ಕೂತಾಗ ದೊಡ್ಡೋನು ಮುದ್ದೆ ಮುರೀತಾ ಹೇಳಿದ, ‘ಅಮ್ಮ, ನಾನು ಇನ್ಮೇಲೆ ಪೂಜೆಗೆ ಬರಲ್ಲ. ನಿಲ್ಲು, ಕೂರು, ಮಂಡಿ ಹಾಕು, ಇಷ್ಟೇ ತಾನೇ? ಇದ್ರಿಂದ ಯಾರಿಗೇನು ಉಪಯೋಗ? ಚರ್ಚು ಜನಕ್ಕೆ ಏನು ಮಾಡ್ತಿದೆ, ಹೇಳಿ ನೋಡೋಣ.’

ಇವರು ಲೋಟ ಟಣ್ ಅಂತ ಕುಕ್ಕಿದ್ರು. ಅತ್ತೆ ಅರ್ಧ ಊಟಕ್ಕೇ ಕೈ ತೊಳೆದ್ರು. ‘ಯಾಕ್ಲಾ ಮಗಾ, ದೇವ್ರು ನಿಂಗೇನ್ಲಾ ಅನ್ಯಾಯ ಮಾಡವ್ನೆ?’ ಅಂತ ಕಣ್ಣಲ್ಲಿ ನೀರು. ಚಿಕ್ಕೋಳು ತಟ್ಟೆ ನೋಡ್ತಾ ಕೂತಿದ್ಲು, ಆದ್ರೆ ಕಿವಿಯೆಲ್ಲಾ ಇಲ್ಲೇ. ಅಣ್ಣನಿಗೆ ಏನು ಸಿಗುತ್ತೋ ಅದು ನಾಳೆ ತನಗೂ ಸಿಗುತ್ತೆ ಅಂತ ಅವಳಿಗೆ ಗೊತ್ತು.

ನಾನು ಒಂದೇ ಮಾತು ಕೇಳಿದೆ. ‘ನಿಂಗೆ ದೇವರು ಬೇಡ್ವಾ, ಪೂಜೆ ಬೇಡ್ವಾ, ಇಲ್ಲಾ ಭಾನುವಾರ ನಿದ್ದೆ ಬೇಕಾ? ಮೂರೂ ಬೇರೆ ಬೇರೆ ಕಾಯಿಲೆ ಕಣೋ. ಔಷಧೀನೂ ಬೇರೆ ಬೇರೆ.’ ಅವನಿಗೆ ನಗು ಬಂತು. ‘ನಿದ್ದೆ ಸ್ವಲ್ಪ ಇದೆ. ಆದ್ರೆ ಅದಷ್ಟೇ ಅಲ್ಲ’ ಅಂದ. ಅಷ್ಟು ಸಾಕಾಗಿತ್ತು ಆ ರಾತ್ರಿಗೆ. ಹರೆಯದ ಮಕ್ಕಳ ಬಾಯಿಂದ ‘ಅದಷ್ಟೇ ಅಲ್ಲ’ ಅನ್ನೋ ಮಾತು ಬಂದ್ರೆ ಬಾಗಿಲು ಇನ್ನೂ ಪೂರ್ತಿ ಹಾಕಿಲ್ಲ ಅಂತ ಅರ್ಥ.

ಮಾರನೇ ದಿನ ಇವರೂ ನಾನೂ ಮಾತಾಡ್ಕೊಂಡು ಅವನಿಗೆ ಒಂದು ವಿಷಯ ಹೇಳಿದ್ವಿ. ನಿನ್ನ ಜ್ಞಾನಸ್ನಾನದ ದಿನ ನೀನು ತಿಂಗಳ ಕೂಸು. ನಿನ್ನ ಪರವಾಗಿ ನಾವು, ನಿನ್ನ ಜ್ಞಾನಪಿತೃ ಜ್ಞಾನಮಾತೆ, ‘ನಂಬ್ತೀವಿ’ ಅಂತ ಹೇಳಿದ್ವಿ. ದೃಢೀಕರಣದ ದಿನ ಅದನ್ನೇ ನಿನ್ನ ಬಾಯಿಂದ ಕೇಳಿದ್ರು. ನೀನು ‘ನಂಬ್ತೀನಿ’ ಅಂದೆ. ಅಂದ ಮೇಲೆ ಅದು ಈಗ ನಿನ್ನ ಮಾತು, ನಮ್ದಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಪೂಜೆಗೆ ಹೋಗೋದು ಈ ಮನೆ ಪದ್ಧತಿ, ಒಟ್ಟಿಗೆ ಊಟಕ್ಕೆ ಕೂತ ಹಾಗೆ. ನಂಬೋದು ನಿನ್ನ ಕೆಲಸ. ಅದನ್ನ ನಾವು ಬಡಿದು ಒಳಗೆ ತುಂಬೋಕಾಗಲ್ಲ. ನಿನ್ನ ಪ್ರಶ್ನೆಗೆ ಮಾತ್ರ ಉತ್ತರ ಹುಡುಕೋಣ.

ಅತ್ತೆ ಅಷ್ಟೊತ್ತಿಗೆ ಸುಧಾರಿಸ್ಕೊಂಡಿದ್ರು. ‘ನಮ್ ಕಾಲ್ದಾಗೆ ಬಿಷಪ್ ಸ್ವಾಮಿ ತೈಲ ಅಚ್ಚಿ ಕೆನ್ನೆಗೆ ಒಂದು ತಟ್ಟೋರು. ಕಷ್ಟ ಬಂದ್ರೂ ಓಡೋಗ್ಬ್ಯಾಡ ಅಂತ’ ಅಂದ್ರು. ಈಗ ಆ ತಟ್ಟೋ ಪದ್ಧತಿ ಇಲ್ಲ. ದೊಡ್ಡೋನು, ‘ಅಜ್ಜಿ, ನೀವೇ ಒಂದು ತಟ್ಟಿಬಿಡಿ, ಮುಗೀಲಿ’ ಅಂತ ಕೆನ್ನೆ ಮುಂದಿಟ್ಟ. ಮನೆ ಸ್ವಲ್ಪ ಹಗುರಾಯ್ತು.

ಈಗ ಅವನ ಪ್ರಶ್ನೆಗೆ ಬರ್ತೀನಿ. ‘ಚರ್ಚು ಜನಕ್ಕೆ ಏನು ಮಾಡ್ತಿದೆ?’ ಇದು ಅವನು ಹೊಸದಾಗಿ ಹುಟ್ಟಿಸಿದ ಪ್ರಶ್ನೆ ಅಲ್ಲ. 1833ರಲ್ಲಿ ಪ್ಯಾರಿಸ್ಸಲ್ಲಿ ಫ್ರೆಡ್ರಿಕ್ ಓಝನಾಂ ಅಂತ ಒಬ್ಬ ಲಾ ಓದೋ ಹುಡುಗನಿಗೆ, ಕಾಲೇಜು ಹುಡುಗರ ಚರ್ಚಾಕೂಟದಲ್ಲಿ ಇದೇ ಪ್ರಶ್ನೆ ಎಸೆದಿದ್ರು. ಹಿಂದೆ ನಿಮ್ಮ ಚರ್ಚು ಒಳ್ಳೇದು ಮಾಡಿರಬಹುದು, ಇವತ್ತು ಏನು ಮಾಡ್ತಿದೀರಿ ತೋರ್ಸಿ ಅಂತ. ಓಝನಾಂಗೆ ಆಗ 20 ವರ್ಷ. ನಮ್ಮ ಮಕ್ಕಳಿಗಿಂತ ಎರಡು ಮೂರು ವರ್ಷ ದೊಡ್ಡೋನು ಅಷ್ಟೇ. ಅವನು ವಾದ ಮುಂದುವರಿಸಲಿಲ್ಲ. ಆರು ಜನ ವಿದ್ಯಾರ್ಥಿಗಳು, ಜೊತೆಗೆ ಪತ್ರಿಕೆ ನಡೆಸ್ತಿದ್ದ ಬೈಯ್ಯಿ ಅನ್ನೋ ಹಿರಿಯರು ಒಬ್ಬರು ಸೇರ್ಕೊಂಡ್ರು. ಬಡವರ ಕೇರಿಲಿ ಕೆಲಸ ಮಾಡ್ತಿದ್ದ ರೊಸಾಲಿ ರೆಂದು ಅನ್ನೋ ಸಿಸ್ಟರ್, ಯಾವ ಮನೆಗೆ ಹೋಗ್ಬೇಕು, ಹೋದ್ರೆ ಹೇಗೆ ಮಾತಾಡ್ಬೇಕು ಅಂತ ಹುಡುಗರಿಗೆ ಕಲಿಸಿದ್ರು. ಅಲ್ಲಿಂದ ಹುಟ್ಟಿದ್ದೇ ಸಂತ ವಿನ್ಸೆಂಟ್ ದಿ ಪಾಲ್ ಸಭೆ. ನಮ್ಮ ಚರ್ಚುಗಳಲ್ಲಿ ‘ಎಸ್‌ವಿಪಿ’ ಅಂತ ಕರೀತೀವಲ್ಲ, ಅದೇ. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವರು ಓಝನಾಂ ಅವರನ್ನ ಧನ್ಯರು ಅಂತ ಘೋಷಿಸಿದ್ದೂ ಪ್ಯಾರಿಸ್ಸಲ್ಲೇ. ವಿಶ್ವ ಯುವಜನ ದಿನಕ್ಕೆ ಅಂತ ಹುಡುಗ ಹುಡುಗೀರು ಲಕ್ಷಗಟ್ಟಲೆ ಸೇರಿದ್ದ ಸಮಯ ಅದು.

ಈ ಕತೆ ಹೇಳಿದಾಗ ಮಗ, ‘ಸರಿ, ನಮ್ಮ ಚರ್ಚಲ್ಲಿ ಎಸ್‌ವಿಪಿ ಇದ್ಯಲ್ಲ, ಅಲ್ಲಿ ಬರೀ ತಾತಂದಿರೇ ಇರೋದು’ ಅಂದ. ನಿಜ. ಅದಕ್ಕೇ ಇವರು ಅಲ್ಲಿನ ಹಿರಿಯರೊಬ್ಬರ ಹತ್ರ ಹೋಗಿ ‘ಅಂಕಲ್, ನಮ್ಮ ಹುಡುಗನ್ನ ನಿಮ್ಮ ಜೊತೆ ಕರ್ಕೊಂಡು ಹೋಗ್ತೀರಾ?’ ಅಂತ ಕೇಳಿದ್ರು. ಆ ಅಂಕಲ್ ರಿಟೈರ್ ಆದವರು, ಮಂಡಿ ನೋವು ಬೇರೆ. ಚೀಲ ಹೊರೋಕೆ ಒಂದು ಜೊತೆ ಕೈ ಸಿಕ್ತಲ್ಲ ಅಂತ ಅವರಿಗೆ ಖುಷಿ. ಒಬ್ಬೊಬ್ಬರೇ ಮನೆಗಳಿಗೆ ಹೋಗೋದು ಅಲ್ಲಿ ಪದ್ಧತಿ ಅಲ್ಲ, ಇಬ್ಬರಿಬ್ಬರು ಹೋಗ್ತಾರೆ. ಅದು ನನಗೂ ಸಮಾಧಾನ. ಮಕ್ಕಳನ್ನ ಚರ್ಚಿನ ಕೆಲಸಕ್ಕೇ ಕಳಿಸಿದ್ರೂ ಯಾರ ಜೊತೆ ಹೋಗ್ತಾರೆ, ಯಾರ ಮನೆಗೆ, ಎಷ್ಟೊತ್ತಿಗೆ ವಾಪಸ್ಸು ಅನ್ನೋದು ತಾಯಿಗೆ ಗೊತ್ತಿರಬೇಕು. ಇದರಲ್ಲಿ ಸಂಕೋಚ ಇಟ್ಕೋಬಾರದು.

ತಿಂಗಳಲ್ಲಿ ಎರಡು ಭಾನುವಾರ ಪೂಜೆ ಆದ್ಮೇಲೆ ಇಬ್ಬರೂ ಒಬ್ಬ ಅಜ್ಜಿ ಮನೆಗೆ ಹೋಗ್ತಾರೆ. ಅಕ್ಕಿ, ತೊಗರಿಬೇಳೆ, ಎಣ್ಣೆ, ಸೋಪು. ಆ ಅಜ್ಜಿ ನಮ್ಮ ಧರ್ಮದವರಲ್ಲ, ಗೋಡೆ ಮೇಲೆ ಚಾಮುಂಡಿ ತಾಯಿ ಫೋಟೋ ಇದೆಯಂತೆ. ಮೊದಲ ಸಲ ಹೋಗಿ ಬಂದಾಗ ಮಗ ಮುಖ ಗಂಟು ಹಾಕ್ಕೊಂಡಿದ್ದ. ‘ನಾವು ಕೊಡೋ ಅಕ್ಕಿ ತಿಂಗಳಿಗೂ ಬರಲ್ಲ ಅಮ್ಮ. ಇದೇನು ಉಪಯೋಗ?’ ಮತ್ತೆ ಅದೇ ಉಪಯೋಗದ ಪ್ರಶ್ನೆ. ‘ಅಂಕಲ್‌ನ ಕೇಳು’ ಅಂದೆ. ಕೇಳಿದ್ನಂತೆ. ಅವರು ಹೇಳಿದ್ದು ಇಷ್ಟು: ‘ಅಕ್ಕಿ ಕೊಡೋಕೆ ರೇಷನ್ ಅಂಗಡಿ ಇದೆ ಮಗು. ನಾವು ಹೋಗೋದು ಅವರ ಜೊತೆ ಕೂತ್ಕೊಳೋಕೆ. ಅಕ್ಕಿ ಒಂದು ನೆಪ.’

ಈಗ ಆ ಅಜ್ಜಿ ಮಾತ್ರೆಗಳನ್ನ ಬೆಳಗ್ಗೆದು, ರಾತ್ರಿದು ಅಂತ ಎರಡು ಡಬ್ಬಿ ಮಾಡಿ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದು ಇಟ್ಟಿದಾನೆ, ಅವರಿಗೆ ಓದೋಕೆ ಬರಲ್ಲ ಅಂತ. ಕರೆಂಟ್ ಬಿಲ್ಲು ನೋಡ್ತಾನೆ. ಮಗಳಿಗೆ ಫೋನ್ ಹಾಕ್ಕೊಡ್ತಾನೆ. ಟೆಸ್ಟು ಇದ್ದ ಭಾನುವಾರಾನೂ ‘ಅಜ್ಜಿ ಕಾಯ್ತಿರ್ತಾರೆ’ ಅಂತ ಹೋಗಿ ಬಂದ. ‘ಪೂಜೆಗೆ ಬಾರೋ’ ಅಂತ ನಾನು ನೂರು ಸಲ ಕರೆದ್ರೆ ಆಗದೇ ಇರೋದು, ‘ಯಾರೋ ಕಾಯ್ತಿದಾರೆ’ ಅನ್ನೋದರಿಂದ ಆಯ್ತು.

ಇದೇ ನಾನು ಹೇಳ್ಬೇಕು ಅಂದ್ಕೊಂಡಿರೋ ಮುಖ್ಯ ವಿಷಯ. ಹರೆಯದ ಮಕ್ಕಳಿಗೆ ಎರಡು ವಸ್ತು ಕೊಟ್ರೆ ನಂಬಿಕೆ ತಾನಾಗಿ ಬೇರು ಹುಡುಕ್ಕೊಳ್ಳುತ್ತೆ: ಅವರ ಪ್ರಶ್ನೆಗೆ ಸುಳ್ಳಿಲ್ಲದ ಉತ್ತರ, ಅವರ ಕೈಗೆ ನಿಜವಾದ ಕೆಲಸ. ಅವರು ಮಾಡದಿದ್ರೆ ನಿಂತೇ ಹೋಗುತ್ತೆ ಅನ್ನೋಂಥ ಕೆಲಸ. ಹಬ್ಬದ ದಿನ ಸಮವಸ್ತ್ರ ಹಾಕಿಸಿ ಬಾಗಿಲಲ್ಲಿ ಹೂ ಹಿಡ್ಕೊಂಡು ನಿಲ್ಲಿಸೋದು ಕೆಲಸ ಅಲ್ಲ. ಅದು ಅವರಿಗೂ ಗೊತ್ತಾಗುತ್ತೆ.

ಸುಳ್ಳಿಲ್ಲದ ಉತ್ತರ ಅಂದೆನಲ್ಲ, ಅದರ ಪರೀಕ್ಷೆ ಚಿಕ್ಕೋಳಿಂದ ಬಂತು. ನಾವು ಮೈಸೂರಿನವರು. ನಮಗೆ ಸಂತ ಫಿಲೋಮಿನ ಅಂದ್ರೆ ಮನೆ ಮಗಳಿದ್ದ ಹಾಗೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ದೇವಾಲಯ, ಅವಳಿ ಗೋಪುರ, ಪೀಠದ ಕೆಳಗೆ ನೆಲಮಾಳಿಗೆಲಿ ಸಂತಳ ಪ್ರತಿಮೆ, ಅವಶೇಷ. ನೆಂಟರು ಬಂದ್ರೆ ಅರಮನೆ, ಝೂ ಜೊತೆ ಅಲ್ಲಿಗೂ ಒಂದು ಸುತ್ತು ಇದ್ದೇ ಇರುತ್ತೆ. ಒಂದು ಸಂಜೆ ಚಿಕ್ಕೋಳು ಫೋನ್ ಹಿಡ್ಕೊಂಡು ಅಡುಗೆ ಮನೆಗೆ ಬಂದ್ಲು. ‘ಅಮ್ಮ, ಫಿಲೋಮಿನ ಹೆಸರನ್ನ ಚರ್ಚೇ ಪಂಚಾಂಗದಿಂದ ತೆಗೆದು ಹಾಕಿದೆಯಂತೆ. ಅವಳ ಕತೆ ನಿಜ ಅಂತ ಪುರಾವೇನೇ ಇಲ್ವಂತೆ. ಹಾಗಾದ್ರೆ ಎಲ್ಲಾ ಸುಳ್ಳಾ?’

ಒಗ್ಗರಣೆ ಒಲೆ ಮೇಲಿತ್ತು. ‘ಅದೆಲ್ಲಾ ಯಾಕೆ ಓದ್ತೀಯಾ, ಪಾಪ ಬರುತ್ತೆ’ ಅಂದ್ರೆ ಮಾತು ಅಲ್ಲಿಗೇ ಮುಗೀತಿತ್ತು. ಅವಳು ನನ್ನ ಹತ್ರ ಇನ್ನೊಂದು ಪ್ರಶ್ನೆ ಯಾವತ್ತೂ ತರ್ತಿರಲಿಲ್ಲ. ಒಲೆ ಆರಿಸಿ ಕೂತ್ಕೊಂಡೆ.

ಇದ್ದಿದ್ದು ಇದ್ದ ಹಾಗೆ ಹೇಳಿದೆ. 1802ರಲ್ಲಿ ರೋಮ್‌ನ ಪ್ರಿಸಿಲ್ಲಾ ಅನ್ನೋ ನೆಲದಡಿ ಸ್ಮಶಾನದಲ್ಲಿ ಒಂದು ಸಮಾಧಿ ಸಿಕ್ತು. ಮೂರು ಸುಟ್ಟ ಮಣ್ಣಿನ ಹಲಗೆ ಮುಚ್ಚಿದ್ರು, ಮೇಲೆ ಅಕ್ಷರ ಇತ್ತು. ಹಲಗೆಗಳ ಸಾಲು ಅದಲು ಬದಲಾಗಿತ್ತು, ಜೋಡಿಸಿ ಓದಿದ್ರೆ ‘ಶಾಂತಿ ನಿನ್ನೊಂದಿಗಿರಲಿ, ಫಿಲೋಮಿನ’ ಅಂತ ಬಂತು. ಒಳಗೆ ಹದಿಮೂರು ಹದಿನಾಲ್ಕು ವರ್ಷದ ಹುಡುಗಿ ಮೂಳೆ. ಇಷ್ಟು ಕಣ್ಣಿಗೆ ಕಂಡಿದ್ದು. ಅವಳು ರಾಜಕುಮಾರಿ, ಚಕ್ರವರ್ತಿ ಅವಳನ್ನ ಮದುವೆ ಆಗ್ಬೇಕು ಅಂದ, ಬಾಣ ಬಿಟ್ರು, ನೀರಿಗೆ ಹಾಕಿದ್ರು ಅನ್ನೋ ಕತೆ ಎಲ್ಲ ಆಮೇಲೆ ಇಟಲಿಯ ಒಬ್ಬ ಕನ್ಯಾಸ್ತ್ರೀ ತನಗೆ ದರ್ಶನದಲ್ಲಿ ಕಂಡಿದ್ದು ಅಂತ ಹೇಳಿದ್ದು. ಅಂಥ ದರ್ಶನಗಳನ್ನ ನಂಬಲೇಬೇಕು ಅಂತ ಚರ್ಚು ಯಾರಿಗೂ ಕಡ್ಡಾಯ ಮಾಡಿಲ್ಲ. 1961ರಲ್ಲಿ ಚರಿತ್ರೆ ಆಧಾರ ಸಾಲದು ಅಂತ ಅವಳ ಹಬ್ಬವನ್ನ ಪಂಚಾಂಗದಿಂದ ತೆಗೆದಿದ್ದೂ ನಿಜ. ಅವಳ ಹತ್ರ ಪ್ರಾರ್ಥನೆ ಮಾಡಬೇಡಿ ಅಂತ ಯಾರೂ ಹೇಳಲಿಲ್ಲ. ಆರ್ಸ್ ಊರಿನ ಗುರು ಸಂತ ಜಾನ್ ವಿಯಾನ್ನೇ ಅಂಥ ದೊಡ್ಡವರಿಗೇ ಅವಳ ಮೇಲೆ ಬಹಳ ಭಕ್ತಿ ಇತ್ತು.

‘ಹಾಗಾದ್ರೆ ನಾನು ಯಾವುದನ್ನ ನಂಬ್ಲಿ?’ ಅಂದ್ಲು. ‘ಪ್ರತಿ ಭಾನುವಾರ ವಿಶ್ವಾಸ ಪ್ರಮಾಣ ಹೇಳ್ತೀವಲ್ಲ, ಅದನ್ನ. ಅದರಲ್ಲಿ ಫಿಲೋಮಿನ ಹೆಸರಿಲ್ಲ ನೋಡು. ಯೇಸು ಸತ್ತು ಎದ್ದು ಬಂದ ಅನ್ನೋದಿದೆ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಅವಳೇ, ‘ಆದ್ರೂ ಪಾಪ ಅಮ್ಮ, ನನ್ನಷ್ಟೇ ವಯಸ್ಸಿನೋಳು. ಯಾರೋ ಅವಳಿಗೆ ಅಂತ ಕೂತು ಹಲಗೆ ಮೇಲೆ ಬರೆದಿದಾರೆ. ಪೂಜೇಲಿ ನಾವು ಒಬ್ಬರಿಗೊಬ್ಬರು ಶಾಂತಿ ಹೇಳ್ಕೋತೀವಲ್ಲ, ಅದನ್ನೇ’ ಅಂದ್ಲು. ಆಮೇಲೆ ದೇವಾಲಯಕ್ಕೆ ಹೋದಾಗ ನೆಲಮಾಳಿಗೆಗೆ ಇಳಿದು ಎಂದಿಗಿಂತ ಹೆಚ್ಚು ಹೊತ್ತು ನಿಂತಿದ್ಲು. ಏನು ಪ್ರಾರ್ಥನೆ ಮಾಡಿದೆ ಅಂತ ನಾನು ಕೇಳಲಿಲ್ಲ.

ಮಕ್ಕಳ ಕೈಲಿ ಫೋನಿದೆ. ನಾವು ಮುಚ್ಚಿಟ್ಟಿದ್ದು ಅವರಿಗೆ ರಾತ್ರಿ ಹತ್ತೂವರೆಗೆ ಯಾವನೋ ಅಪರಿಚಿತನ ವಿಡಿಯೋದಲ್ಲಿ ಸಿಗುತ್ತೆ, ಅದೂ ಗೇಲಿ ಜೊತೆಗೆ. ಅದನ್ನೇ ಅಮ್ಮನ ಬಾಯಿಂದ, ಪ್ರೀತಿಯಿಂದ ಕೇಳಿದ್ರೆ ಅದು ಏಟು ಕೊಡಲ್ಲ. ನನಗೆ ಗೊತ್ತಿಲ್ಲದ್ದು ಬಂದ್ರೆ ‘ಫಾದರ್ ಹತ್ರ ಕೇಳೋಣ ಬಾ’ ಅಂತ ಜೊತೇಲೇ ಹೋಗ್ತೀನಿ. ನಮ್ಮ ಫಾದರ್ ಕೂಡ ಅಂಥ ಪ್ರಶ್ನೆಗೆ ಕೋಪ ಮಾಡ್ಕೊಳಲ್ಲ.

ಇನ್ನು ಕೆಲಸದ ವಿಷಯ. ಚಿಕ್ಕೋಳಿಗೆ ಸಿಕ್ಕಿದ್ದು ವಾಚನದ ಕೆಲಸ. ಕನ್ನಡ ಪೂಜೇಲಿ ತಿಂಗಳಿಗೊಂದು ಸಲ ಮೊದಲನೇ ವಾಚನ ಓದೋದು. ಇಂಗ್ಲಿಷ್ ಮೀಡಿಯಂ ಮಗು, ಕನ್ನಡ ಓದೋದು ತಡವರಿಸಿ ತಡವರಿಸಿ. ನಮ್ಮ ಮಕ್ಕಳಿಗೆ ಇದೂ ಒಂದು ತೊಡಕು. ಅಜ್ಜಿ ಪ್ರಾರ್ಥನೆ ಒಂದು ಭಾಷೆ, ಶಾಲೆಯದು ಒಂದು ಭಾಷೆ, ಫೋನಿಂದು ಇನ್ನೊಂದು. ಮನಸ್ಸಿಗೆ ಮುಟ್ಟೋ ಭಾಷೆ ಯಾವುದು ಅಂತ ಅವರಿಗೇ ಗೊತ್ತಿರಲ್ಲ. ಇಂಗ್ಲಿಷ್ ಪೂಜೆಗೆ ಹೋಗ್ಬೇಕು ಅಂದ್ರೆ ನಾನು ತಡೆಯಲ್ಲ, ಪೂಜೆ ಯಾವ ಭಾಷೇಲಾದ್ರೂ ಪೂಜೇನೇ. ಆದ್ರೆ ಅಜ್ಜಿ ಜೊತೆ ಜಪ ಹೇಳೋಕೆ ಬಾಯಿ ತಿರುಗಬೇಕಲ್ಲ. ಅತ್ತೆ ಶಾಲೆಗೆ ಹೋಗಿದ್ದು ನಾಲ್ಕನೇ ಕ್ಲಾಸಿನವರೆಗೆ. ಆದ್ರೆ ಬೈಬಲ್ಲು, ಜಪದ ಪುಸ್ತಕ ಓದಿ ಓದಿ ಅವರ ಕನ್ನಡ ನೀರು ಹರಿದ ಹಾಗೆ. ಶನಿವಾರ ಸಂಜೆ ಇಬ್ಬರೂ ವರಾಂಡದಲ್ಲಿ ಕೂರ್ತಾರೆ. ‘ಥೆಸಲೋನಿಯರಿಗೆ’ ಅನ್ನೋಕೆ ಇವಳು ಮೂರು ಸಲ ಎಡವೋದು, ಅಜ್ಜಿ ‘ನಿಧಾನ ಮಗಾ, ಬಸ್ಸೇನೂ ಓಗಲ್ಲ’ ಅನ್ನೋದು.

ಇದರಲ್ಲಿ ಒಂದು ಗಮ್ಮತ್ತು ಆಯ್ತು. ತಪ್ಪಿಲ್ಲದೆ ಓದೋಕೆ ಅಂತ ಆರೇಳು ಸಲ ಓದ್ತಾಳಲ್ಲ, ಆರನೇ ಸಲಕ್ಕೆ ಅರ್ಥ ಕೇಳೋಕೆ ಶುರು ಮಾಡ್ತಾಳೆ. ‘ಅಜ್ಜಿ, ಯೋನ ದೇವರಿಂದ ಓಡಿ ಹೋಗಿದ್ದು ಯಾಕೆ?’ ಅಜ್ಜಿಗೆ ತಿಳಿದಿದ್ದು ಅಜ್ಜಿ ಹೇಳ್ತಾರೆ. ಧರ್ಮೋಪದೇಶದ ಕ್ಲಾಸಲ್ಲಿ ಬಾಯಿಪಾಠ ಮಾಡಿದ್ದು ಇವಳಿಗೆ ಮರೆತು ಹೋಗಿದೆ, ವರಾಂಡದಲ್ಲಿ ಕೇಳಿದ್ದು ನೆನಪಿದೆ. ಅತ್ತೆಗೂ ಲಾಭ ಆಯ್ತು. ‘ಈ ಮಕ್ಕಳಿಗೆ ನಮ್ ಮಾತು ಯಾಕೆ ಬೇಕು’ ಅಂತ ಕೊರಗ್ತಿದ್ದೋರು, ಈಗ ಶನಿವಾರ ಆದ್ರೆ ಕನ್ನಡಕ ಒರೆಸ್ಕೊಂಡು ಕಾಯ್ತಾರೆ.

ಮನೆ ಜಪದ ವಿಷಯಾನೂ ಹೇಳ್ಬೇಕು. ಅತ್ತೆ ಕಾಲದಲ್ಲಿ ದಿನಾ ಸಂಜೆ ಇಡೀ ಜಪಮಾಲೆ, ಐದೂ ರಹಸ್ಯ, ಆಮೇಲೆ ಪ್ರಾರ್ಥನಾ ಮಾಲಿಕೆ, ಸತ್ತವರಿಗೆ, ಮಳೆಗೆ, ದನಕರುಗೆ ಅಂತ ಮುಗಿಯೋ ಹೊತ್ತಿಗೆ ಮಕ್ಕಳೆಲ್ಲ ಗೋಡೆಗೆ ಒರಗಿ ನಿದ್ದೆ. ನಮ್ಮನೇಲಿ ಈಗ ಊಟಕ್ಕೆ ಮುಂಚೆ ಹತ್ತು ನಿಮಿಷ. ಒಂದೇ ದಶಕ, ಅಂದ್ರೆ ಹತ್ತು ನಮೋ ಮರಿಯೆ. ಫೋನುಗಳೆಲ್ಲಾ ಫ್ರಿಡ್ಜ್ ಮೇಲೆ, ಇವರದ್ದೂ ಸೇರಿ. ಅಕ್ಟೋಬರ್ ತಿಂಗಳು ಜಪಮಾಲೆ ತಿಂಗಳಾದ್ದರಿಂದ ಪೂರ್ತಿ ಹೇಳ್ತೀವಿ. ಯಾರು ಬರಲಿ ಬಿಡಲಿ, ನಾನು, ಇವರು, ಅತ್ತೆ ಕೂತೇ ಕೂರ್ತೀವಿ. ಕರೆಂಟ್ ಹೋದ್ರೂ, ನೆಂಟರು ಬಂದ್ರೂ. ಮಕ್ಕಳು ನಮ್ಮ ಉಪದೇಶ ಕೇಳಲ್ಲ, ನಾವು ಏನನ್ನ ಬಿಡಲ್ಲ ಅನ್ನೋದನ್ನ ನೋಡ್ತಿರ್ತಾರೆ.

ಕೊನೇಲಿ ಒಬ್ಬೊಬ್ಬರೂ ಒಂದೊಂದು ಕೋರಿಕೆ ಹೇಳ್ಬೇಕು. ಇದು ಮಾತ್ರ ನಾವು ಹೊಸದಾಗಿ ಸೇರಿಸಿದ್ದು. ಶುರುವಲ್ಲಿ ‘ಎಲ್ಲರಿಗೂ ಒಳ್ಳೇದಾಗ್ಲಿ’ ಅಂತ ಹಾರಿಸಿಬಿಡೋರು. ಒಂದಿನ ದೊಡ್ಡೋನು, ‘ನನ್ನ ಫ್ರೆಂಡ್ ಒಬ್ಬ ಕಾಲೇಜಿಗೆ ಬರ್ತಿಲ್ಲ, ಮನೇಲಿ ಜಗಳವಂತೆ, ಅವನಿಗೆ’ ಅಂದ. ಇನ್ನೊಂದು ದಿನ ಚಿಕ್ಕೋಳು, ‘ನಂಗೆ ಮ್ಯಾಥ್ಸ್ ಅಂದ್ರೆ ಭಯ ಆಗುತ್ತೆ, ರಾತ್ರಿ ನಿದ್ದೆ ಬರಲ್ಲ’ ಅಂದ್ಲು. ಆ ಹತ್ತು ನಿಮಿಷ ಇಲ್ದೇ ಇದ್ದಿದ್ರೆ ಈ ಎರಡು ವಿಷಯಾನೂ ನಮಗೆ ಗೊತ್ತಾಗ್ತಿರಲಿಲ್ಲ. ಒಂದು ನಿಯಮ ಇದೆ: ಕೋರಿಕೆಯಲ್ಲಿ ಹೇಳಿದ್ದನ್ನ ಆಮೇಲೆ ಹಿಡ್ಕೊಂಡು ಯಾರೂ ಪಾಠ ಮಾಡಬಾರದು. ‘ಅದಕ್ಕೇ ಹೇಳಿದ್ದು ಫೋನ್ ನೋಡಬೇಡ ಅಂತ’ ಅಂದ್ರೆ ಮುಗೀತು, ಮಾರನೇ ದಿನದಿಂದ ಮತ್ತೆ ‘ಎಲ್ಲರಿಗೂ ಒಳ್ಳೇದಾಗ್ಲಿ.’

ಪಾಪನಿವೇದನೆಗೂ ಇದೇ ಮಾತು. ಪಾಸ್ಕ ಹಬ್ಬಕ್ಕೆ ಮುಂಚೆ, ಕ್ರಿಸ್ಮಸ್ಸಿಗೆ ಮುಂಚೆ ಎಲ್ಲರೂ ಹೋಗ್ತೀವಿ. ಏನು ಹೇಳ್ದೆ, ಫಾದರ್ ಏನಂದ್ರು ಅಂತ ನಾವು ಕೇಳಲ್ಲ. ಫಾದರ್ ಅಂತೂ ಪ್ರಾಣ ಹೋದ್ರೂ ಹೇಳೋ ಹಾಗಿಲ್ಲ. ಹರೆಯದ ಮಕ್ಕಳಿಗೆ ಭೂಮಿ ಮೇಲೆ ಒಂದು ಜಾಗ ಇದೆ, ಅಲ್ಲಿ ಆಡಿದ್ದು ಅಪ್ಪ ಅಮ್ಮನ ಕಿವಿಗೆ ಬೀಳಲ್ಲ ಅನ್ನೋದು ಅವರಿಗೆ ಎಷ್ಟು ದೊಡ್ಡ ಸಮಾಧಾನ ಅಂತ ಯೋಚನೆ ಮಾಡಿ.

ಉಪವಾಸದಲ್ಲೂ ಸ್ವಲ್ಪ ಕೈ ಸಡಿಲ ಬಿಟ್ವಿ. ಚರ್ಚಿನ ನಿಯಮದ ಪ್ರಕಾರ ಮಾಂಸ ಬಿಡೋದು 14 ವರ್ಷದಿಂದ, ಉಪವಾಸ 18ರಿಂದ 59ರವರೆಗೆ. ವಿಭೂತಿ ಬುಧವಾರ, ಶುಭ ಶುಕ್ರವಾರ, ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮನೇಲಿ ಬಾಡು ಇಲ್ಲ, ಅದು ಎಲ್ಲರಿಗೂ ಒಂದೇ. ಅದರ ಮೇಲೆ ಏನು ಬಿಡ್ತೀಯಾ ಅನ್ನೋದು ಅವರವರ ಇಷ್ಟ. ದೊಡ್ಡೋನು ಕಾಲೇಜು ಹತ್ರದ ಗೋಬಿ ಮಂಚೂರಿ ಬಿಟ್ಟ, ಚಿಕ್ಕೋಳು ರೀಲ್ಸ್ ಬಿಟ್ಲು. ಗೋಬಿ ದುಡ್ಡು ಒಂದು ಹಾರ್ಲಿಕ್ಸ್ ಡಬ್ಬಿಗೆ ಬೀಳ್ತಿತ್ತು. ಪಾಸ್ಕ ಹಬ್ಬಕ್ಕೆ ಆ ಡಬ್ಬಿ ಸೀದಾ ಮಾತ್ರೆ ಅಜ್ಜಿ ಮನೆಗೆ. ‘ನಾನು ಗೋಬಿ ತಿನ್ನದಿದ್ರೆ ದೇವರಿಗೇನು?’ ಅಂತ ಕೇಳ್ತಿದ್ದ ಹುಡುಗ ಆ ದುಡ್ಡಲ್ಲಿ ಅಜ್ಜಿಗೊಂದು ಟಾರ್ಚು ತಂದ್ಕೊಟ್ಟ. ಉತ್ತರ ಅವನಿಗೇ ಸಿಕ್ತು ಅಂದ್ಕೋತೀನಿ.

ಈಗಿನ ತಾಯಂದಿರೆಲ್ಲ ಸಂತ ಕಾರ್ಲೊ ಅಕುಟಿಸ್ ಫೋಟೋ ಇಟ್ಕೊಂಡಿದೀವಿ. ಜೀನ್ಸ್, ಟೀ ಶರ್ಟು, ಬೆನ್ನಿಗೆ ಬ್ಯಾಗು. 1991ರಲ್ಲಿ ಹುಟ್ಟಿ, 2006ರಲ್ಲಿ ರಕ್ತದ ಕ್ಯಾನ್ಸರಿಂದ 15ನೇ ವಯಸ್ಸಿಗೆ ತೀರ್ಕೊಂಡ ಇಟಲಿಯ ಹುಡುಗ. ಕಂಪ್ಯೂಟರ್ ಕಲಿತು ಪರಮಪ್ರಸಾದದ ಪವಾಡಗಳ ವಿವರ ಎಲ್ಲ ಒಂದು ವೆಬ್‌ಸೈಟಲ್ಲಿ ಜೋಡಿಸಿದ. 2025ರ ಸೆಪ್ಟೆಂಬರ್ 7ಕ್ಕೆ ಪೋಪ್ ಹದಿನಾಲ್ಕನೇ ಲಿಯೋ ಅವರು ಅವನನ್ನ ಸಂತ ಅಂತ ಘೋಷಿಸಿದ್ರು. ಅದೇ ದಿನ ಸಂತ ಆದ ಇನ್ನೊಬ್ಬ ಪಿಯರ್ ಜಾರ್ಜಿಯೊ ಫ್ರಸ್ಸಾತಿ. ಬೆಟ್ಟ ಹತ್ತೋ ಹುಚ್ಚು, ಗೆಳೆಯರ ಗುಂಪು, ತಮಾಷೆ. ದೊಡ್ಡ ಪತ್ರಿಕೆ ಮಾಲೀಕನ ಮಗ ಆದ್ರೂ ಟ್ಯೂರಿನ್ ಊರಿನ ಬಡವರ ಮನೆ ಮೆಟ್ಟಿಲು ಹತ್ತಿ ಇಳಿದು, 1925ರಲ್ಲಿ ಪೋಲಿಯೋ ಬಂದು 24ಕ್ಕೇ ಹೋದ. ಅವನೂ ಎಸ್‌ವಿಪಿ ಹುಡುಗನೇ. ಅದನ್ನ ಕೇಳಿ ನಮ್ಮ ದೊಡ್ಡೋನು ಹುಬ್ಬೇರಿಸಿದ.

ಆದ್ರೆ ಒಂದು ಮಾತು. ಕಾರ್ಲೊನ ಕೋಲು ಮಾಡ್ಕೊಂಡು ಮಕ್ಕಳಿಗೆ ಬಾರಿಸಬೇಡಿ. ‘ನೋಡು, ಅವನೂ ನಿನ್ನ ವಯಸ್ಸಿನೋನೇ, ದಿನಾ ಪೂಜೆಗೆ ಹೋಗ್ತಿದ್ದ’ ಅಂದ್ರೆ ಪಕ್ಕದ ಮನೆ ರ್‍ಯಾಂಕ್ ಹುಡುಗನ ಪಟ್ಟಿಗೆ ಕಾರ್ಲೊನೂ ಸೇರ್ತಾನೆ, ಅಷ್ಟೇ. ಅವನ ಕತೇಲಿ ನನ್ನ ಮನಸ್ಸು ಹಿಡಿದಿದ್ದು ಅವನ ತಾಯಿ ಹೇಳಿದ್ದು. ಮಗ ಹುಟ್ಟೋ ಮುಂಚೆ ಆಕೆ ಚರ್ಚಿನ ಕಡೆ ಅಷ್ಟಾಗಿ ಹೋದವರೇ ಅಲ್ಲ. ಪುಟ್ಟ ಮಗನ ಪ್ರಶ್ನೆಗಳಿಗೆ ಉತ್ತರ ಗೊತ್ತಿಲ್ಲದೆ ತಾವೇ ಕಲಿಯೋಕೆ ಶುರು ಮಾಡಿದ್ರು. ಅಂದ್ರೆ ನಂಬಿಕೆ ಅನ್ನೋದು ಯಾವಾಗಲೂ ದೊಡ್ಡವರಿಂದ ಚಿಕ್ಕವರಿಗೇ ಇಳೀಬೇಕು ಅಂತೇನಿಲ್ಲ. ಫಿಲೋಮಿನ ಪ್ರಶ್ನೆ ಬಂದ ಮೇಲೆ ನಾನು ಕೂತು ಓದಿದ್ದೆಷ್ಟು ಅಂತ ನನಗೇ ಗೊತ್ತು.

ದೊಡ್ಡೋನು ಈಗ ಪೂಜೆಗೆ ಬರ್ತಾನಾ ಅಂತ ನೀವು ಕೇಳೇ ಕೇಳ್ತೀರಿ. ಬರ್ತಾನೆ. ಹಿಂದಿನ ಬೆಂಚಲ್ಲೇ ಕೂರ್ತಾನೆ, ಎಸ್‌ವಿಪಿ ಅಂಕಲ್ ಪಕ್ಕ. ಎಲ್ಲಾ ಅನುಮಾನ ತೀರಿದೆ ಅಂತ ನಾನು ಹೇಳಲ್ಲ. ಮೊನ್ನೆ ತಾನೇ ‘ಒಳ್ಳೆಯವರಿಗೆ ಯಾಕಮ್ಮ ಕಷ್ಟ?’ ಅಂತ ಕೇಳ್ದ, ಮಾತ್ರೆ ಅಜ್ಜಿಗೆ ಆಸ್ಪತ್ರೆ ಸೇರೋ ಹಾಗಾಗಿತ್ತು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಶಿಲುಬೆ ಕಡೆ ನೋಡ್ದೆ, ಅವನೂ ನೋಡ್ದ. ರಾತ್ರಿ ಜಪದಲ್ಲಿ ತನ್ನ ಸರದಿ ಬಂದಾಗ ಅಜ್ಜಿ ಹೆಸರು ಹೇಳ್ದ. ನಂಬಿಕೆ ಇಲ್ದೋನು ಯಾರ ಹತ್ರ ಕೇಳ್ತಿದ್ದ ಹೇಳಿ?

ನಾಳೆ ಅವನು ಬೆಂಗಳೂರಿಗೋ ಇನ್ನೆಲ್ಲಿಗೋ ಓದೋಕೆ ಹೋಗ್ತಾನೆ. ಅಲ್ಲಿ ಭಾನುವಾರ ಬೆಳಗ್ಗೆ ಎಬ್ಬಿಸೋಕೆ ನಾನಿರಲ್ಲ, ಕಣ್ಣೀರು ಹಾಕೋಕೆ ಅಜ್ಜಿ ಇರಲ್ಲ. ಎದ್ದು ಹೋಗೋದೋ ಮಲಗೋದೋ ಅವನೊಬ್ಬನಿಗೇ ಬಿಟ್ಟಿದ್ದು. ನಾವು ಮನೇಲಿ ಮಾಡೋದೆಲ್ಲಾ ಆ ಒಂದು ಬೆಳಗ್ಗೆಗೆ. ಅದಕ್ಕೇ ತಾಯಂದಿರಿಗೆ ನನ್ನದೊಂದು ಕೋರಿಕೆ. ಮುಂದಿನ ಭಾನುವಾರ ಚರ್ಚಿನಂಗಳದಲ್ಲಿ ‘ನಿಮ್ಮೋನು ಬಂದಿಲ್ವಾ’ ಅನ್ನೋ ಬದಲು, ಮರದ ಕೆಳಗೆ ನಿಂತಿರೋ ಆ ಹುಡುಗರ ಹತ್ರಾನೇ ಹೋಗಿ. ‘ಏನಪ್ಪಾ, ಗೋದಲಿ ಕಟ್ಟೋಕೆ ಕೈ ಬೇಕು, ಬರ್ತೀಯಾ?’ ಅಂತ ಹೆಸರು ಹಿಡಿದು ಕೇಳಿ. ಹೆಸರು ಹಿಡಿದು ಕರೆದ್ರೆ ಬರ್ತಾರೆ.